ಅಂಗಾಲಿಗೆ ಎಂಟು

ಹಚ್ಚೆ ಹಾಕಿಸಿಕೊಳ್ಳಲು ಬರುವವರೆಲ್ಲ ಮೊದಲು ಕೇಳುವುದು, ನೋಯುತ್ತಾ ಅಂತ. ಸೂಜಿ ಕಣಪ್ಪ, ನೋಯದೆ ಕಚಗುಳಿ ಇಡುತ್ತಾ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿರುತ್ತದೆ. ಹದಿನಾಲ್ಕು ವರ್ಷದಿಂದ ಅದನ್ನು ನುಂಗಿಕೊಂಡು ಗೋಡೆಯ ಕಡೆ ಕೈ ತೋರಿಸುತ್ತ ಬಂದಿದ್ದೇನೆ. ಅಲ್ಲಿ ನಾನೇ ಬರೆದ ಆಳೆತ್ತರದ ಮನುಷ್ಯನ ಚಿತ್ರಗಳು ಎರಡಿವೆ, ಒಂದು ಎದುರಿನಿಂದ, ಒಂದು ಬೆನ್ನಿನ ಕಡೆಯಿಂದ. ಮೈತುಂಬ ನೋವಿನ ಅಂಕಿಗಳು. ಹತ್ತಕ್ಕೆ ರಟ್ಟೆಯ ಹೊರಭಾಗ ಎರಡು, ಮುಂಗೈ ಮೂರು, ಮೀನಖಂಡ ನಾಲ್ಕು, ಕಾಲಿನ ಮುಂದಿನ ಎಲುಬು ಆರು, ಕಾಲಿನ ಗಿಣ್ಣು ಏಳು, ಪಕ್ಕೆಲುಬು ಎಂಟು, ಅಂಗಾಲು ಎಂಟು, ಮೊಣಕಾಲಿನ ಹಿಂಭಾಗ ಒಂಬತ್ತು. ಮಾಂಸವಿದ್ದ ಕಡೆ ಸೂಜಿ ಸುಮ್ಮನೆ ಗೊಣಗುತ್ತದೆ. ಎಲುಬಿನ ಮೇಲೆ ಬರೀ ಚರ್ಮವಿದ್ದ ಕಡೆ ಹಲ್ಲಿನವರೆಗೂ ಝುಮ್ಮೆನ್ನುತ್ತದೆ.

ಈ ಅಂಕಿಗಳನ್ನು ನಾನು ಯಾವ ಪುಸ್ತಕದಿಂದಲೂ ಕದ್ದಿದ್ದಲ್ಲ. ಕುರ್ಚಿಯಿಂದ ಇಳಿಯುವ ಮೊದಲು ಪ್ರತಿಯೊಬ್ಬರನ್ನೂ ಕೇಳುತ್ತೇನೆ, ಹತ್ತಕ್ಕೆ ಎಷ್ಟು? ಗಂಡಸರು ಹೇಳಿದ್ದಕ್ಕೆ ಎರಡು ಸೇರಿಸಿ ಬರೆದುಕೊಳ್ಳುತ್ತೇನೆ. ಕಣ್ಣಲ್ಲಿ ನೀರು ತುಂಬಿಕೊಂಡು ‘ಏನಿಲ್ಲ, ಮೂರು’ ಅನ್ನುವ ಪೈಲ್ವಾನರನ್ನು ಬೇಕಾದಷ್ಟು ನೋಡಿದ್ದೇನೆ. ಹೆಂಗಸರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ.

ನನ್ನ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿತ್ತು. ಗೆರೆ ಹೇಗಿರಬೇಕೆಂದು ಎಷ್ಟು ಬೇಕಾದರೂ ಜಗಳವಾಡುತ್ತೇನೆ, ಆದರೆ ಮೈಮೇಲಿನ ಜಾಗ ಗಿರಾಕಿ ಹೇಳಿದ್ದೇ. ನೋವು ಅವರದು, ಜಾಗವೂ ಅವರದು. ಆ ಕಟ್ಟುನಿಟ್ಟನ್ನು ನಾನೇ ಮುರಿದೆ. ಯಾಕೆ ಮುರಿದೆ ಅಂತ ಹೇಳುತ್ತೇನೆ, ಆಮೇಲೆ ನೀವು ನನ್ನನ್ನು ಬೈಯಬಹುದು.

ಅಂಗಡಿಯ ಮೇಲಿನ ಕೋಣೆಯಲ್ಲಿ ನನ್ನ ತಂಗಿ ಇದ್ದಾಳೆ. ಅಪ್ಪ ಅಮ್ಮ ಹೋದ ಮೇಲೆ ನಾವಿಬ್ಬರೇ. ಎರಡು ವರ್ಷದ ಹಿಂದೆ ನಮ್ಮ ಸ್ಕೂಟರ್ ಬಿತ್ತು. ಓಡಿಸುತ್ತಿದ್ದವಳು ನಾನು, ಹಿಂದೆ ಕೂತಿದ್ದವಳು ಅವಳು. ನನಗೆ ಮೊಣಕೈ ತರಚಿತು, ಅವಳ ಬೆನ್ನುಹುರಿಗೆ ಏಟು ಬಿತ್ತು. ಸೊಂಟದ ಕೆಳಗೆ ಏನೂ ಇಲ್ಲ. ಚಿವುಟಿದರೂ ಗೊತ್ತಾಗುವುದಿಲ್ಲ, ಬಿಸಿನೀರು ಬಿದ್ದರೂ ಗೊತ್ತಾಗುವುದಿಲ್ಲ. ಇಪ್ಪತ್ತಾರು ವರ್ಷದ ಹುಡುಗಿ, ಒಂದು ಕಡೆ ನಿಂತವಳಲ್ಲ, ಎರಡು ವರ್ಷದಿಂದ ಕಿಟಕಿಯ ಪಕ್ಕದ ಮಂಚದ ಮೇಲೆ ಇದ್ದಾಳೆ. ಅವಳು ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿಸಿ ಬೈದು ಹಗುರಾಗುತ್ತಿದ್ದೆ.

ಆದರೆ ಕೈ ಇದೆಯಲ್ಲ, ಅದು ದೇವರು ಕೊಟ್ಟ ಕೈ. ನನ್ನ ಅಂಗಡಿಯ ಚಿತ್ರಗಳನ್ನೆಲ್ಲ ಅವಳೇ ಬರೆಯುವುದು. ಅವಳು ಟ್ರೇಸಿಂಗ್ ಪೇಪರಿನ ಮೇಲೆ ಬರೆದದ್ದನ್ನು ನಾನು ಗಿರಾಕಿಯ ಚರ್ಮಕ್ಕೆ ಒತ್ತಿ, ಮೂಡಿದ ನೀಲಿ ಗೆರೆಯ ಮೇಲೆ ಸೂಜಿ ಓಡಿಸುತ್ತೇನೆ. ತೋಳು ಬೆನ್ನಿನ ಚಿತ್ರವಾದರೆ ಹಲಗೆಯ ಮೇಲೆ ಬರೆದರೆ ಸಾಕು. ಕಾಲಿನದು ಹಾಗಲ್ಲ. ಗಿಣ್ಣಿನ ಉಬ್ಬು, ಮೊಣಕಾಲಿನ ತಗ್ಗು, ಇವಕ್ಕೆಲ್ಲ ಸಪಾಟಾಗಿ ಬರೆದ ಚಿತ್ರ ಸೊಟ್ಟಗಾಗುತ್ತದೆ. ಅವಳೇ ಒಂದು ಉಪಾಯ ಕಂಡುಕೊಂಡಳು. ಪೇಪರನ್ನು ತನ್ನ ಕಾಲಿಗೇ ಸುತ್ತಿ, ಪೆನ್ಸಿಲನ್ನು ಒತ್ತಿ ಒತ್ತಿ ಬರೆಯುವುದು. ‘ಹೆಂಗೂ ಸುಮ್ನೆ ಬಿದ್ದಿದೆ, ಹಲಗೆ ಥರನಾದ್ರೂ ಕೆಲಸಕ್ಕೆ ಬರಲಿ’ ಅಂದಿದ್ದಳು. ನಾನು ಅತ್ತ ತಿರುಗಿ ಶಾಯಿಯ ಬಾಟಲಿ ಜೋಡಿಸಿಟ್ಟೆ.

ಹಾಗೆ ಬರೆದ ಮೊದಲ ಚಿತ್ರ ಬೇಕರಿಯಮ್ಮನಿಗೆ. ನಮ್ಮ ಬೀದಿಯ ಕೊನೆಯಲ್ಲಿ ಅವರ ಬೇಕರಿ. ಬಲಗಾಲಿನ ಗಿಣ್ಣನ್ನು ಸುತ್ತಿಕೊಂಡ ಒಂದು ಬಳ್ಳಿ ಬೇಕು ಅಂದಿದ್ದರು. ಆಕೆಯ ಮೇಲೆ ನೊಣ ಕೂತರೂ ಊರಿಗೆ ಕೇಳಿಸುತ್ತದೆ, ಹಾಗಾಗಿ ಇವತ್ತು ನನ್ನ ಕಿವಿ ಹೋಯಿತು ಅಂದುಕೊಂಡೇ ಮೆಷಿನ್ ಹಚ್ಚಿದೆ. ಬೇಕರಿಯಮ್ಮ ಕಮಕ್ ಕಿಮಕ್ ಅನ್ನಲಿಲ್ಲ. ಎದುರು ಮನೆಯವರ ಸೊಸೆಯ ಕತೆ ಹೇಳುತ್ತ ಕೂತಿದ್ದರು. ಕೂಗು ಬಂದದ್ದು ಮೇಲಿನಿಂದ.

ಕೈಗವಸಿನಲ್ಲೇ ಮೆಟ್ಟಿಲು ಹತ್ತಿ ಓಡಿದೆ. ತಂಗಿ ಎರಡೂ ಕೈಯಲ್ಲಿ ತನ್ನ ಬಲಗಾಲಿನ ಗಿಣ್ಣನ್ನು ಹಿಡಿದುಕೊಂಡು ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು, ನಗುತ್ತಿದ್ದಳು, ಕಣ್ಣಲ್ಲಿ ನೀರು ಧಾರಾಕಾರ.

“ಅಕ್ಕ, ನೋಯ್ತಿದೆ. ಏಳು. ಇಲ್ಲ, ಏಳೂವರೆ.”

ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಆಮೇಲೆ ಕೆಳಗೆ ಬೇಕರಿಯಮ್ಮ ಕಾಯುತ್ತಿದ್ದಾರೆ ಅಂತ ನೆನಪಾಗಿ ಇಳಿದುಬಂದೆ. ಸೂಜಿ ಇಟ್ಟೆ. ಮೇಲಿನಿಂದ ‘ಅಮ್ಮಾ’ ಅಂತ ಬಂತು. ಸೂಜಿ ಎತ್ತಿದೆ, ನಿಂತಿತು. ಇಟ್ಟೆ, ಬಂತು. ಕೆಲಸ ಮುಗಿದ ಮೇಲೆ ವಾಡಿಕೆಯಂತೆ ಕೇಳಿದೆ, ಹತ್ತಕ್ಕೆ ಎಷ್ಟು? ಬೇಕರಿಯಮ್ಮ ತಮ್ಮ ಗಿಣ್ಣನ್ನು ತಾವೇ ಬೆರಳಿಂದ ತಟ್ಟಿ ನೋಡಿಕೊಂಡರು. ಸೊನ್ನೆ ಅಂದರು. ನಿಮ್ಮ ಕೈ ಎಷ್ಟು ಹಗುರ, ಕಾಲು ಇದೆಯೋ ಇಲ್ಲವೋ ಅನ್ನಿಸುವಷ್ಟು ಹಗುರ ಅಂದರು.

ಬೇಕರಿಯಮ್ಮನ ಗಿಣ್ಣಿನ ನೋವು ಎಲ್ಲಿಗೆ ಹೋಯಿತೆಂದು ನನಗೆ ಆ ಹೊತ್ತಿಗೇ ಗೊತ್ತಾಯಿತು. ಸುಳ್ಳು ಹೇಳಿ ಏನು ಪ್ರಯೋಜನ? ಗೊತ್ತಾಗಿಯೂ ಬಾಯಿ ಮುಚ್ಚಿಕೊಂಡು ಬೇಕರಿಯಮ್ಮನಿಗೆ ಬಾಗಿಲು ತೆರೆದುಕೊಟ್ಟೆ.

ಎರಡು ದಿನ ಬಿಟ್ಟು ವ್ಯಾಯಾಮ ಮಾಡಿಸುವ ನರ್ಸಮ್ಮ ಬಂದರು. ತಂಗಿಯ ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ಕೂದಲಷ್ಟು, ಆದರೂ ಅಲ್ಲಾಡಿತು. ನರ್ಸಮ್ಮ ಕನ್ನಡಕ ಒರೆಸಿಕೊಂಡು ಮತ್ತೊಂದು ಸಲ ನೋಡಿದರು. ನೋವು ಬಂದಿದೆ ಅಂದರೆ ದಾರಿ ತೆರೆದಿದೆ ಅಂತ ಅರ್ಥ, ಇನ್ನೂ ಮೂರ್ನಾಲ್ಕು ಕಡೆ ನೋವು ಬಂದರೆ ಈ ಹುಡುಗಿ ನಿಂತರೂ ನಿಲ್ಲಬಹುದು ಅಂದರು. ಅವರು ತಮಾಷೆಗೆ ಹೇಳಿದರೋ ಏನೋ. ನಾನು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ನಾನು ಮನುಷ್ಯರನ್ನು ಸೊಂಟದ ಕೆಳಗೇ ನೋಡತೊಡಗಿದೆ. ಬೆನ್ನಿಗೆ ಮೀನು ಬೇಕೆಂದು ಬಂದ ಈಜು ಕಲಿಸುವ ಹುಡುಗಿಗೆ ಎಡಗಾಲಿನ ಮುಂದಿನ ಎಲುಬಿನ ಮೇಲೆ ಎಷ್ಟು ಚೆಂದ ಕಾಣುತ್ತದೆ ಎಂದು ಬಣ್ಣ ಬಣ್ಣವಾಗಿ ಹೇಳಿದೆ. ಭುಜಕ್ಕೆ ಹೂವು ಕೇಳಿದ ದರ್ಜಿಯನ್ನು ಮೊಣಕಾಲಿನ ಹಿಂಭಾಗಕ್ಕೆ ಒಪ್ಪಿಸಿದೆ. ಒಂಬತ್ತು ಇರುವ ಜಾಗ ಅದು! ನನ್ನ ಹತ್ತಿರ ಹಾಕಿಸಿಕೊಂಡರೆ ಸೊನ್ನೆ ಅಂತ ಭಾಷೆ ಕೊಟ್ಟೆ, ಸೊನ್ನೆಯೇ ಆಯಿತು. ಮೇಲೆ ತಂಗಿ ದಿಂಬನ್ನು ಕಚ್ಚಿಕೊಂಡು ಒಂಬತ್ತನ್ನೂ ಪೂರ್ತಿ ತಡೆದುಕೊಂಡಳು. ಅವಳಿಗೆ ನಾನು ಹೇಳಿದ್ದು, ಮೆಷಿನ್ನಿನ ಸದ್ದು ನಿನ್ನ ನರಗಳನ್ನು ಎಬ್ಬಿಸುತ್ತಿದೆ, ಅಷ್ಟೇ. ಪಾಪ, ನಂಬಿದಳು. ಮೆಷಿನ್ ಇಲ್ಲದ ಹೊತ್ತಿನಲ್ಲೂ ನೋವು ಬರತೊಡಗಿದಾಗ ಅದನ್ನೂ ಒಳ್ಳೆಯದೆಂದೇ ನಂಬಿದಳು.

ಆ ನೋವುಗಳಿಗೆ ಒಂದು ಹೊತ್ತು ಗೊತ್ತು ಇತ್ತು. ಸಂಜೆ ಐದಕ್ಕೆ ಅವಳ ಎಡಗಾಲಿನ ಎಲುಬು ಚಳಿಗೆ ಕೊರೆಯುತ್ತಿತ್ತು. ಈಜುಕೊಳದಲ್ಲಿ ಪಾಠ ಶುರುವಾಗುವುದು ಐದಕ್ಕೆ. ಒಂದು ಬೆಳಗ್ಗೆ, ಒಂಬತ್ತಕ್ಕೆ ಹತ್ತು ನಿಮಿಷವಿದ್ದಾಗ, ಗಿಣ್ಣು ಸುಟ್ಟಿತು ಅಂತ ಚೀರಿದಳು. ನೋಡಿದೆ, ಚರ್ಮದ ಮೇಲೆ ಏನೂ ಇಲ್ಲ. ಮಧ್ಯಾಹ್ನ ಬೇಕರಿಯಮ್ಮ ಕಾಲಿಗೆ ಬಟ್ಟೆ ಸುತ್ತಿಕೊಂಡು ಅಂಗಡಿಯ ಮುಂದೆ ಹೋದರು. ಬೆಳಗ್ಗೆ ಒಲೆಯ ತಟ್ಟೆ ಕಾಲಿಗೆ ತಗುಲಿದೆಯಂತೆ, ಸುಟ್ಟ ವಾಸನೆ ಬಂದ ಮೇಲೆಯೇ ಗೊತ್ತಾಯಿತಂತೆ. ಅದನ್ನು ನಗುನಗುತ್ತ ಹೇಳಿದರು. ನಾನೂ ನಕ್ಕೆ.

ಆದರೂ ನಿಲ್ಲಿಸಲಿಲ್ಲ. ಹೆಂಚಿನವನನ್ನು ಕೂರಿಸಿದ್ದು ಅದಾದ ಮೇಲೆಯೇ. ಅವನು ಮನೆಗಳ ಮಾಡಿಗೆ ಹೆಂಚು ಹೊದಿಸುವ ಕೆಲಸದವನು, ಎರಡು ಮಕ್ಕಳ ತಂದೆ. ಎತ್ತರದಲ್ಲಿ ಕಾಯಲಿ ಅಂತ ಮುಂಗೈಗೆ ಒಂದು ಹಕ್ಕಿ ಬೇಕು ಅಂದ. ನಾನು ಏನು ಹೇಳಿದೆ ಗೊತ್ತೇ? ಕಾಯುವ ಹಕ್ಕಿ ಕೈಮೇಲೆ ಕೂತು ಏನು ಮಾಡುತ್ತೆ, ಕಾಲಡಿ ಇರಬೇಕು. ಅವನು ತಲೆಯಾಡಿಸಿದ. ಅಂಗಾಲಿನಲ್ಲಿ ಶಾಯಿ ನಿಲ್ಲುವುದಿಲ್ಲ, ತಿಂಗಳಲ್ಲಿ ಮಸುಕಾಗುತ್ತದೆ, ಈ ಕಸುಬಿನವರು ಯಾರೂ ತಾವಾಗಿ ಹೇಳುವ ಜಾಗವಲ್ಲ ಅದು. ಅವನಿಗೆ ಅದೆಲ್ಲ ಎಲ್ಲಿ ಗೊತ್ತಿರಬೇಕು? ಬಲಗಾಲು ಚಾಚಿ ಕೂತ. ಮೇಲಿನಿಂದ ತಂಗಿಯ ದನಿ ಬಂತು, ಎಂಟು.

ಆ ವಾರ ಅವಳು ನಿಂತಳು. ಒಂದು ಕೈ ಕಿಟಕಿಯ ಸರಳಿಗೆ, ಇನ್ನೊಂದು ನರ್ಸಮ್ಮನ ಹೆಗಲಿಗೆ. ಹನ್ನೊಂದು ಎಣಿಸುವಷ್ಟು ಹೊತ್ತು. ಆಮೇಲಿನ ದಿನಗಳಲ್ಲಿ ಸರಳನ್ನು ಹಿಡಿದು ಕಿಟಕಿಯ ಉದ್ದಕ್ಕೂ ಮೂರು ಹೆಜ್ಜೆ. ಪಾದ ಊರಿದಾಗಲೆಲ್ಲ ನೋವಿಗೆ ಮುಖ ಕಿವುಚುತ್ತಿದ್ದಳು, ಮರುಗಳಿಗೆಗೆ ಮತ್ತೆ ಊರುತ್ತಿದ್ದಳು. ನಾನು ಕದ ಹಿಡಿದು ನಿಂತು ನೋಡುತ್ತಿದ್ದೆ. ಆ ಮೂರು ಹೆಜ್ಜೆಗೆ ಇಡೀ ಊರಿನ ಕಾಲುಗಳನ್ನು ತಂದು ಸುರಿಯುತ್ತಿದ್ದೆ, ಹೌದು.

ಹಚ್ಚೆ ಹಾಕಿದ ಮೇಲೆ ತಿಂಗಳು ಬಿಟ್ಟು ಟಚಪ್ ಅಂತ ಮಾಡುತ್ತೇವೆ. ಚರ್ಮ ಮಾಗಿ ಬಣ್ಣ ಬಿಟ್ಟುಹೋದ ಕಡೆ ಇನ್ನೊಮ್ಮೆ ಸೂಜಿ ಆಡಿಸುವುದು. ಅದಕ್ಕೆ ಪೇಪರ್ ಬೇಡ, ಇದ್ದ ಗೆರೆಯ ಮೇಲೆ ಬರಿಗಣ್ಣಿನ ಅಂದಾಜು. ಈಜಿನ ಹುಡುಗಿ ಮೀನಿನ ಟಚಪ್ಪಿಗೆ ಬಂದಳು. ಸೂಜಿ ತಾಗಿದ್ದೇ ತಡ ಕುರ್ಚಿಯಿಂದ ಎಗರಿಬಿದ್ದಳು. ಹೋದ ಸಲ ಸೊನ್ನೆ ಇತ್ತು, ಈ ಸಲ ಜೀವ ಹೋಗ್ತಿದೆ ಅಂದಳು. ಮೇಲೆ ಸದ್ದಿಲ್ಲ. ಅವಳನ್ನು ಕಳಿಸಿ ಹತ್ತಿ ಹೋದರೆ, ತಂಗಿ ತನ್ನ ಎಡಗಾಲನ್ನು ಪಟಪಟ ಹೊಡೆಯುತ್ತ ಕೂತಿದ್ದಳು. ಹೋಯ್ತು ಅಕ್ಕ, ಅದು ಹೋಯ್ತು ಅಂತ ಒಂದೇ ಸಮನೆ ಹೇಳುತ್ತಿದ್ದಳು. ಅವಳ ಕಾಲಿಗೆ ಸುತ್ತಿದ ಪೇಪರಿಲ್ಲದೆ ಸೂಜಿ ಇಟ್ಟರೆ ನೋವು ತನ್ನ ಜಾಗಕ್ಕೇ ವಾಪಸಾಗುತ್ತದೆ. ಅವತ್ತೇ ಪುಸ್ತಕ ತೆಗೆದು ಬೇಕರಿಯಮ್ಮ, ದರ್ಜಿ, ಹೆಂಚಿನವ, ಮೂವರ ಟಚಪ್ ದಿನಗಳನ್ನೂ ಹೊಡೆದುಹಾಕಿದೆ. ಕೇಳಿದರೆ ಮೆಷಿನ್ ಕೆಟ್ಟಿದೆ ಅಂದೆ.

ಅದಾದ ನಾಲ್ಕನೇ ದಿನ, ಬೆಳಗ್ಗೆ ಹನ್ನೊಂದರ ಸುಮಾರು, ತಂಗಿ ಮಂಚದಿಂದ ನೆಲಕ್ಕೆ ಬಿದ್ದಳು. ಬಲ ಅಂಗಾಲಿಗೆ ಏನೋ ಹೊಕ್ಕಿದೆ, ಕಿತ್ತು ತೆಗಿ ಅಂತ ಹೊರಳಾಡಿದಳು. ಪಾದವನ್ನು ಬೆಳಕಿಗೆ ಹಿಡಿದು ನೋಡಿದೆ. ಗೆರೆ ಸಹ ಇಲ್ಲದ ಬೆಳ್ಳಗಿನ ಪಾದ. ಆದರೆ ಅವಳು ಹಿಮ್ಮಡಿಯ ಮುಂದೆ ಬೆರಳಿಟ್ಟು ಇಲ್ಲಿ, ಇಲ್ಲೇ ಅನ್ನುತ್ತಿದ್ದಳು. ಸಂಜೆಯವರೆಗೂ ಅದು ಹೆಜ್ಜೆಹೆಜ್ಜೆಗೂ ಒಳಗೆ ಇಳಿಯಿತು. ಅವಳು ಮಲಗಿದ್ದಳು, ಹೆಜ್ಜೆ ಇನ್ನಾರದೋ. ಎಷ್ಟು ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಮೂರು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ.

ಎರಡು ವಾರ ಕಳೆದು ಹೆಂಚಿನವ ತಾನಾಗಿಯೇ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಕಾಲಿಗೆ ಪಟ್ಟಿ ಇತ್ತು, ಆದರೆ ಕುಂಟುತ್ತಿರಲಿಲ್ಲ. ಮಾಡಿನ ಮೇಲೆ ಮೊಳೆ ಹೊಕ್ಕಿತ್ತಂತೆ. ಇಡೀ ದಿನ ಅದರ ಮೇಲೇ ಓಡಾಡಿದ್ದಾನೆ. ಮನೆಗೆ ಹೋದ ಮೇಲೆ ನೆಲದ ಮೇಲಿನ ರಕ್ತ ನೋಡಿ ಮಗಳು ಹೇಳಿದಳಂತೆ, ಅಪ್ಪ, ನಿನ್ನ ಕಾಲು. ಆಸ್ಪತ್ರೆಯಲ್ಲಿ ತೊಳೆದು ಇಂಜೆಕ್ಷನ್ ಕೊಟ್ಟರಂತೆ. ಗಾಯ ಈಗ ಒಣಗಿದೆ, ಸೋಮವಾರದಿಂದ ಮೂರು ಅಂತಸ್ತಿನ ಕಟ್ಟಡದ ಮಾಡು ಇದೆ, ಹಕ್ಕಿ ಮಸುಕಾಗಿದೆ, ಹತ್ತುವ ಮೊದಲು ಸ್ವಲ್ಪ ಗಾಢ ಮಾಡಿಕೊಡಿ ಅಂದ. ಆಮೇಲೆ ನೆಲ ನೋಡುತ್ತ ಹೇಳಿದ:

“ಮೇಡಂ, ಹೆಂಚಿನ ಮೇಲೆ ನಾವು ಕಣ್ಣಿಂದ ನಡೆಯಲ್ಲ, ಕಾಲಿಂದ ನಡೀತೀವಿ. ಜಾರ್ತಿದೆ ಅಂತ ಮೊದಲು ಅಂಗಾಲಿಗೇ ಗೊತ್ತಾಗೋದು. ಈಗ ನನಗೆ ಬಲಗಾಲು ಎಲ್ಲಿದೆ ಅಂತ ಬಗ್ಗಿ ನೋಡ್ಬೇಕು.”

ಮೆಷಿನ್ ಕೆಟ್ಟಿದೆ ಎಂಬ ಮಾತು ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಹೊರಗೆ ಬರಲಿಲ್ಲ. ಅವನನ್ನು ಕೂರಿಸಿ, ಎರಡು ನಿಮಿಷ ಅಂತ ಹೇಳಿ ಮೇಲೆ ಹೋದೆ.

ತಂಗಿ ಸರಳು ಹಿಡಿದು ನಿಂತಿದ್ದಳು. ಒಬ್ಬಳೇ. ನನ್ನನ್ನು ನೋಡಿ, ಎಡಗಾಲು ಎಳೆದುಕೊಂಡೇ ನಾಲ್ಕು ಹೆಜ್ಜೆ ಆಯಿತು ಅಂದಳು. ಅವಳನ್ನು ಕೂರಿಸಿ ಎಲ್ಲ ಹೇಳಿದೆ. ಬಳ್ಳಿ, ಮೀನು, ಹೂವು, ಹಕ್ಕಿ, ಅವಳ ಕಾಲಿಗೆ ಸುತ್ತಿ ಬರೆದ ಪ್ರತಿಯೊಂದು ಗೆರೆ. ಗಿಣ್ಣು ಸುಟ್ಟ ಬೆಳಗ್ಗೆ. ಮೊಳೆ ಯಾರ ಪಾದಕ್ಕೆ ಹೊಕ್ಕಿತು, ನೋವು ಯಾರಿಗೆ ಬಂತು. ಹೇಳುತ್ತ ಹೇಳುತ್ತ ನನಗೇ ನನ್ನ ಮೇಲೆ ಹೇಸಿಗೆಯಾಯಿತು, ಆದರೂ ಕೊನೆಯಲ್ಲಿ ಏನೆಂದೆ ಗೊತ್ತೇ? ಅವನಿಗೆ ಬೇರೆ ಕೆಲಸ ಸಿಗುತ್ತೆ, ನಿನಗೆ ಬೇರೆ ಕಾಲು ಸಿಗಲ್ಲ ಅಂದೆ. ನನ್ನ ಬಾಯಿಂದಲೇ ಬಂತು ಆ ಮಾತು.

ಅವಳು ಬಹಳ ಹೊತ್ತು ತನ್ನ ಪಾದವನ್ನೇ ನೋಡಿದಳು. ಅದು ತನ್ನದೋ ಅಲ್ಲವೋ ಅಂತ ಗುರುತು ಹಿಡಿಯುವವಳ ಹಾಗೆ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. ಅವನಿಗೆ ಮಕ್ಕಳೆಷ್ಟು ಅಂತ ಕೇಳಿದಳು. ಎರಡು ಅಂದೆ. ನನ್ನನ್ನು ಕೆಳಗೆ ಕರ್ಕೊಂಡು ಹೋಗು ಅಂದಳು.

ಬೆನ್ನ ಮೇಲೆ ಹೊತ್ತುಕೊಂಡು ಇಳಿಸಿದೆ. ಹೆಂಚಿನವನ ಎದುರಿಗೆ ಸ್ಟೂಲಿನ ಮೇಲೆ ಕೂತು, ಗೋಡೆಗೆ ಒರಗಿದಳು. ಇವಳೇ ನಿಮ್ಮ ಹಕ್ಕಿ ಬರೆದವಳು, ನನ್ನ ತಂಗಿ ಅಂತ ಪರಿಚಯಿಸಿದೆ. ಅವನು ಕೈಮುಗಿದ. ಒಣಗಿದ್ದರೂ ಗಾಯವಿರುವ ಪಾದವನ್ನು ಬೇರೆ ದಿನವಾಗಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಗಾಯದಿಂದ ದೂರ ಇದ್ದ ಒಂದು ರೆಕ್ಕೆಯನ್ನು ಆರಿಸಿಕೊಂಡೆ. ಮೆಷಿನ್ ಹಚ್ಚಿದೆ. ಅತ್ತ ತಂಗಿಯನ್ನು ನೋಡಿದೆ. ಅವಳು ಶುರು ಮಾಡು ಅನ್ನುವ ಹಾಗೆ ಕಣ್ಣು ಮುಚ್ಚಿ ತೆರೆದಳು.

ಸೂಜಿ ತಾಗಿತು. ಹೆಂಚಿನವ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ.

“ಎಂಟು,” ಅಂದಳು ತಂಗಿ, ಮೆಲ್ಲಗೆ.

ರೆಕ್ಕೆಯ ಮೊದಲ ಗರಿ ಮುಗಿಯುವಷ್ಟರಲ್ಲಿ ಅವನ ಹಣೆಯಲ್ಲಿ ಬೆವರೊಡೆಯಿತು. ಐದು ಅಂದಳು. ಅವನು ಹಲ್ಲು ಕಚ್ಚಿ ಅಮ್ಮನನ್ನು ಕರೆದ. ಎರಡು ಅಂದಳು. ಮೂರನೆಯ ಗರಿಗೆ ಅವನು ಕಾಲನ್ನೇ ಎಳೆದುಕೊಂಡ, ನಾನು ಗಟ್ಟಿಯಾಗಿ ಹಿಡಿದೆ, ತಂಗಿಯ ತುಟಿ ಅಲ್ಲಾಡಿತು, ಅಂಕಿ ಬರಲಿಲ್ಲ. ಸ್ಟೂಲಿನಿಂದ ಇಳಿಬಿದ್ದ ಅವಳ ಬಲಗಾಲು ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿತು. ಅದನ್ನು ನೇರ ಮಾಡಲು ಅವಳು ಎರಡೂ ಕೈ ಬಳಸಿದಳು.

ನಾನು ಮೆಷಿನ್ ನಿಲ್ಲಿಸಿದೆ. ಹೆಂಚಿನವ ಪಾದವನ್ನು ನೆಲಕ್ಕೆ ಊರಿ ಅಯ್ಯಯ್ಯೋ ಅಂದ, ಇನ್ನೊಂದು ಸಲ ಊರಿ ಮತ್ತೆ ಅಂದ, ಆಮೇಲೆ ನಗಲು ಶುರುಮಾಡಿದ. ಸೂಜಿ ಆಡಿಸಿದ ಕಡೆಯೂ ನೋಯುತ್ತಿದೆ, ಮೊಳೆ ಹೊಕ್ಕ ಜಾಗವೂ ಗೊತ್ತಾಗುತ್ತಿದೆ, ದೇವರು ದೊಡ್ಡವನು ಅಂದ. ತಂಗಿಯ ಕೆನ್ನೆ ಒದ್ದೆಯಾಗಿರುವುದನ್ನು ಕಂಡು ಗಾಬರಿಯಾಗಿ, ನಾನು ಕೂಗಿದ್ದಕ್ಕೆ ಹೆದರಿಬಿಟ್ರಾ ಅಂತ ಕೇಳಿದ. ಇಲ್ಲ, ನಿಮಗೆ ನೋಯ್ತಿದೆಯಲ್ಲ, ಅಷ್ಟು ಸಾಕು ಅಂದಳು. ಅವನು ಕುಂಟುತ್ತ, ಗೋಡೆ ಹಿಡಿದುಕೊಂಡು, ಹೆಜ್ಜೆಗೊಮ್ಮೆ ಮುಖ ಕಿವುಚುತ್ತ ಬೀದಿಗೆ ಇಳಿದ. ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಅವನ ನಡಿಗೆಯನ್ನು ನೋಡಿದಳು.

ಅವಳ ಗಿಣ್ಣು ಇನ್ನೂ ಇತ್ತು, ಮೊಣಕಾಲಿನ ಹಿಂಭಾಗ ಇನ್ನೂ ಇತ್ತು. ಅವೆರಡನ್ನು ಇಟ್ಟುಕೋ, ಬೇಕರಿಯಲ್ಲಿ ಯಾರೂ ಮೂರು ಅಂತಸ್ತು ಹತ್ತುವುದಿಲ್ಲ ಅಂತ ಅವಳ ಮುಂದೆ ಮಂಡಿಯೂರಿ ಬೇಡಿಕೊಂಡೆ. ಅವಳು ನನ್ನ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು.

“ನಾಳೆ ಬೇಕರಿಯಮ್ಮನ್ನ ಕರಿ, ಅಕ್ಕ. ಬೆಳಗ್ಗೇನೇ ಕರಿ. ಮಧ್ಯಾಹ್ನ ಆದ್ರೆ ನಾನು ಬೇಡ ಅಂದುಬಿಡ್ತೀನಿ.”

ಫೋನ್ ತೆಗೆದುಕೊಂಡು ಎಂಟು ಗಂಟೆಗೆ ಬರಲು ಹೇಳಿದೆ.